ಮಾರ್ಷಲ್ ಆರ್ಟ್ಸ್ ಕಿರುಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರದಲ್ಲಿ ಮೂರು ದಿನ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಭಾನುವಾರ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರು ತೆಗೆಯುವ ಕಿರುಚಿತ್ರಗಳಿಗೆ ಫೈಟ್ ಕಂಪೋಸ್ ಮಾಡಿಕೊಡುತ್ತೇನೆ. ಕ್ಲಾಸ್ ಮುಗಿದ ಮೇಲೆ ಅಪ್ಪ ಅಮ್ಮಂದಿರು ಕೇಳುತ್ತಾರೆ. ಶೂಟಿಂಗ್ ನಡುವೆ ಟೀ ಕುಡಿಯುತ್ತಾ ಹುಡುಗರು ಕೇಳುತ್ತಾರೆ. ಕೆಲವರು ಉದ್ದಕ್ಕೆ ಪತ್ರ ಬರೆದು ಕೇಳುತ್ತಾರೆ. ಅವೆಲ್ಲ ಸೇರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಹೋಗ್ತಾ ಹೋಗ್ತಾ ಕೈಕೆಲಸದವು.

## ಮೊದಲಿಗೆ

"ಮಾರ್ಷಲ್ ಆರ್ಟ್ಸ್ ಶಾರ್ಟ್ ಫಿಲ್ಮ್ ಅಂದ್ರೆ ಏನು? ಸುಮ್ನೆ ಒಂದು ಫೈಟ್ ಸೀನ್ ಅಲ್ವಾ?"

ಆಸ್ಕರ್ ನಿಯಮದ ಪ್ರಕಾರ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದೊಳಗಿದ್ದರೆ ಅದು ಕಿರುಚಿತ್ರ. ನಾವು ನೋಡುವ ಫೈಟ್ ಕಿರುಚಿತ್ರಗಳು ಇನ್ನೂ ಚಿಕ್ಕವು. ಮೂರರಿಂದ ಹದಿನೈದು ನಿಮಿಷ ಇದ್ದರೆ ಜಾಸ್ತಿ.

ದೊಡ್ಡ ಸಿನಿಮಾದಲ್ಲಿ ಫೈಟ್ ಅನ್ನೋದು ದಾರಿಯಲ್ಲಿ ಸಿಗುವ ಒಂದು ನಿಲ್ದಾಣ. ಅದನ್ನು ಕಿತ್ತು ಹಾಕಿದರೂ ಎಷ್ಟೋ ಸಲ ಕಥೆ ನಡೆದುಕೊಂಡು ಹೋಗುತ್ತದೆ. ಕಿರುಚಿತ್ರದಲ್ಲಿ ಹಾಗಾಗುವುದಿಲ್ಲ. ಒಳ್ಳೆಯ ಕಿರುಚಿತ್ರದಲ್ಲಿ ಫೈಟ್ ತೆಗೆದರೆ ಏನೂ ಉಳಿಯಬಾರದು. ಇಬ್ಬರ ನಡುವೆ ಏನಿತ್ತು, ಏನು ಮುರಿಯಿತು, ಕೊನೆಗೆ ಯಾರು ಬದಲಾದರು ಎನ್ನುವುದೆಲ್ಲ ಆ ಹೊಡೆದಾಟದೊಳಗೇ ನಡೆಯಬೇಕು. ಹೊಸಬರು ಕಥೆ ತಂದು ತೋರಿಸಿದಾಗ ನಾನು ಮೊದಲು ನೋಡುವುದು ಇದನ್ನೇ.

"ಇದೆಲ್ಲ ಯೂಟ್ಯೂಬ್ ಬಂದ ಮೇಲೆ ಶುರುವಾಗಿದ್ದಾ?"

ಇಲ್ಲ. ಸಿನಿಮಾ ಹುಟ್ಟುವ ಹೊತ್ತಿಗೇ ಇದೂ ಇತ್ತು. 1894ರಲ್ಲಿ ಎಡಿಸನ್ ಕಂಪನಿ ಅಮೆರಿಕದ ನ್ಯೂಜೆರ್ಸಿಯ ತನ್ನ ಸ್ಟುಡಿಯೊದಲ್ಲಿ ಹೆವಿವೆಯ್ಟ್ ಚಾಂಪಿಯನ್ ಜೇಮ್ಸ್ ಕಾರ್ಬೆಟ್ ಮತ್ತು ಪೀಟರ್ ಕೋರ್ಟ್ನಿ ನಡುವೆ ಬಾಕ್ಸಿಂಗ್ ಏರ್ಪಡಿಸಿ ಚಿತ್ರೀಕರಿಸಿತು. ಒಟ್ಟು ಆರು ಸುತ್ತು. ಫಿಲ್ಮ್ ಸುರುಳಿಯ ಉದ್ದಕ್ಕೆ ತಕ್ಕಂತೆ ಪ್ರತಿ ಸುತ್ತನ್ನೂ ಒಂದು ನಿಮಿಷದ ಆಸುಪಾಸಿಗೆ ಇಳಿಸಿದ್ದರು. ಆಗ ಪರದೆ ಇರಲಿಲ್ಲ. ಪೆಟ್ಟಿಗೆಯಂಥ ಯಂತ್ರದ ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರೇ ನೋಡಬೇಕಿತ್ತು. ಒಂದೊಂದು ಸುತ್ತಿಗೂ ಬೇರೆ ಬೇರೆ ಕಾಸು.

ಇವತ್ತು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಎರಡು ನಿಮಿಷದ ಫೈಟ್ ನೋಡುವ ಹುಡುಗನಿಗೂ, ಆ ಕಿಂಡಿಗೆ ಕಣ್ಣಿಟ್ಟವನಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 2005ರಲ್ಲಿ ಬಂದ ಯೂಟ್ಯೂಬ್ ಬದಲಿಸಿದ್ದು ಒಂದನ್ನು: ಮೊದಲು ತೋರಿಸಲು ಕಂಪನಿ ಬೇಕಿತ್ತು, ಈಗ ನಾಲ್ಕು ಜನ ಗೆಳೆಯರು ಸಾಕು.

"ಹೊಡೆದಾಟ ನೋಡೋದ್ರಲ್ಲಿ ಅಂಥ ಖುಷಿ ಏನಿದೆ ಅಂತ ನಂಗೆ ಅರ್ಥಾನೇ ಆಗಲ್ಲ."

ಈ ಪ್ರಶ್ನೆ ಕೇಳಿದವರಲ್ಲಿ ನನ್ನ ಅತ್ತೆಯೂ ಒಬ್ಬರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮೊದಲನೆಯದು, ನಾವು ಕಣ್ಣಿನಿಂದ ಮಾತ್ರ ನೋಡುವುದಿಲ್ಲ. ಯಾರಾದರೂ ಎಡವಿದರೆ ನೋಡುತ್ತಿದ್ದ ನಮ್ಮ ಕಾಲೂ ಜುಮ್ ಅನ್ನುತ್ತದೆ. 2005ರಲ್ಲಿ ಲಂಡನ್ನಿನ ಸಂಶೋಧಕರ ಒಂದು ಅಧ್ಯಯನ ಪ್ರಕಟವಾಯಿತು. ಬ್ಯಾಲೆ ಕಲಿತವರಿಗೂ, ಬ್ರೆಜಿಲ್‌ನ ಹೋರಾಟದ ಕಲೆ ಕಪೊಯೆರಾ ಕಲಿತವರಿಗೂ ಎರಡೂ ಕಲೆಗಳ ವಿಡಿಯೊ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಅವರವರು ಕಲಿತ ಚಲನೆಗಳನ್ನು ನೋಡುವಾಗ, ಚಲನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗಿದ್ದವು. ಕ್ಲಾಸಿನಲ್ಲಿ ನಾನು ಇದನ್ನು ದಿನಾ ನೋಡುತ್ತೇನೆ. ಆರು ತಿಂಗಳು ಒದೆತ ಅಭ್ಯಾಸ ಮಾಡಿದ ಮಗು ಪರದೆ ಮೇಲೆ ಒದೆತ ಕಂಡರೆ ಕೂತಲ್ಲೇ ಸೊಂಟ ತಿರುಗಿಸುತ್ತದೆ.

ಎರಡನೆಯದು ನನಗೆ ಇನ್ನೂ ಮುಖ್ಯ. ಜನ ಹೊಡೆತ ನೋಡಲು ಬರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಅವರನ್ನು ಹಿಡಿದು ಕೂರಿಸುವುದು ಏಟು ತಿಂದವನು. ಅವನು ಹೇಗೆ ಬಿದ್ದ? ಎದ್ದನಾ? ಎದ್ದ ಮೇಲೆ ಅದೇ ಮನುಷ್ಯನಾ? ಜಾಕಿ ಚಾನ್ ಯಾರಿಗೋ ಗುದ್ದಿದ ಮೇಲೆ ತನ್ನದೇ ಕೈ ಕೊಡವಿಕೊಂಡು ಮುಖ ಹಿಂಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಗುದ್ದಿದವನಿಗೂ ನೋವಾಗಿದೆ. ಅಲ್ಲಿ ಅವರು ನಮ್ಮವರಾಗುತ್ತಾರೆ.

ಜಪಾನೀ ಭಾಷೆಯಲ್ಲಿ 'ಉಕೆ' ಎಂಬ ಪದವಿದೆ. ಸ್ವೀಕರಿಸುವುದು ಎಂದರ್ಥ. ಜೂಡೊದಲ್ಲಿ ಎಸೆಸಿಕೊಳ್ಳುವವನನ್ನು ಉಕೆ ಎನ್ನುತ್ತಾರೆ. ಕರಾಟೆಯಲ್ಲಿ ಏಟು ತಡೆಯುವುದಕ್ಕೂ ಅದೇ ಪದ. ಬಿಳಿ ಬೆಲ್ಟ್ ಕಟ್ಟಿಕೊಂಡ ಮೊದಲ ವಾರವೇ ಈ ಪದ ಬಾಯಿಗೆ ಬಂದಿತ್ತು. ಅದರ ಅರ್ಥ ಒಳಗಿಳಿಯಲು ನನಗೆ ವರ್ಷಗಳೇ ಬೇಕಾದವು. ಕಿರುಚಿತ್ರಗಳಿಗೆ ಕೆಲಸ ಮಾಡುವಾಗ ನಾನು ಮೊದಲು ಹುಡುಕುವುದು ಒಳ್ಳೆಯ ಉಕೆಯನ್ನು.

"ಮಾತೇ ಇಲ್ದೆ ಕಥೆ ಹೇಗೆ ಅರ್ಥ ಆಗುತ್ತೆ?"

ಓಬವ್ವನ ಕಥೆ ನೆನಪಿದೆಯಲ್ಲ? ಚಿತ್ರದುರ್ಗದ ಕೋಟೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ. ಅವಳು ನೀರು ತರಲು ಹೋಗುತ್ತಾಳೆ. ಬಂಡೆಯ ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುತ್ತಿದ್ದಾರೆ. ಕೈಗೆ ಸಿಕ್ಕಿದ್ದು ಒನಕೆ. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ತೂರಲು ಜಾಗ.

ಇದರಲ್ಲಿ ಮಾತು ಎಲ್ಲಿದೆ? ಆದರೆ ಎಲ್ಲವೂ ಇದೆ. ಒಂದೇ ಜಾಗ, ಅಡುಗೆಮನೆಯ ಒಂದೇ ಸಾಮಾನು, ಒಂದೇ ಉದ್ದೇಶ, ಹೊತ್ತು ಕಮ್ಮಿ. ಹತ್ತಾರು ಜನರ ಎದುರು ಒಬ್ಬಳೇ ಹೇಗೆ ನಿಂತಳು ಎಂಬ ಅನುಮಾನಕ್ಕೆ ಆ ಕಿಂಡಿಯೇ ಉತ್ತರ ಕೊಡುತ್ತದೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬರುವುದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಉಳಿದ ಕಥೆ ಮರೆತವರಿಗೂ ಆ ಕೆಲವು ನಿಮಿಷ ನೆನಪಿದೆ. ಅಷ್ಟನ್ನೇ ಬಿಡಿಸಿ ನೋಡಿದರೆ ಅದೊಂದು ಪೂರ್ತಿ ಕಿರುಚಿತ್ರ.

ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಇಷ್ಟು: ನಿಮ್ಮ ಕಥೆಯಲ್ಲಿ ಕಿಂಡಿ ಯಾವುದು, ಒನಕೆ ಯಾವುದು, ಮನೆಯಲ್ಲಿ ಊಟಕ್ಕೆ ಕೂತವರು ಯಾರು ಎಂದು ಹುಡುಕಿ. ಮೂರೂ ಸಿಕ್ಕರೆ ಸಂಭಾಷಣೆ ಬೇಕಾಗುವುದಿಲ್ಲ.

"ನಮ್ಮ ಹುಡುಗ ದಿನಾ ಇಂಥದ್ದೇ ನೋಡ್ತಾನೆ. ಶಾಲೇಲಿ ಯಾರಿಗಾದ್ರೂ ಹೊಡೆದು ಬಂದ್ರೆ?"

ಭಯ ಸಹಜ. ರಕ್ತ ಚೆಲ್ಲುವಂಥವನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಡಿ, ಅದರಲ್ಲಿ ಎರಡು ಮಾತಿಲ್ಲ. ಉಳಿದವನ್ನು ಒಟ್ಟಿಗೆ ಕೂತು ನೋಡಿ. ಆಮೇಲೆ ಅದನ್ನು ಹೇಗೆ ತೆಗೆದರು ಎಂಬ ವಿಡಿಯೊ ತೋರಿಸಿ. ಏಟು ತಾಗಲೇ ಇಲ್ಲ, ಬಿದ್ದವನ ಕೆಳಗೆ ಮ್ಯಾಟ್ ಇತ್ತು, ಇಬ್ಬರೂ ಆಮೇಲೆ ನಗುತ್ತಾ ಅಪ್ಪಿಕೊಂಡರು ಎಂದು ಗೊತ್ತಾದಾಗ ಮಕ್ಕಳ ಆಸಕ್ತಿಯೇ ಬೇರೆ ಕಡೆ ತಿರುಗುತ್ತದೆ. 'ಹೇಗೆ ಹೊಡೆಯೋದು' ಎನ್ನುತ್ತಿದ್ದವನು 'ಹೇಗೆ ಬೀಳೋದು' ಎಂದು ಕೇಳಲು ಶುರು ಮಾಡುತ್ತಾನೆ. ನನ್ನ ಕ್ಲಾಸಿನಲ್ಲಿ ಇದು ಎಷ್ಟೋ ಸಲ ಆಗಿದೆ.

## ನೋಡುವ ಕಣ್ಣಿಗೆ

"ಕುಂಗ್ ಫು, ಕರಾಟೆ, ಮುಯ್ ಥಾಯ್, ಸಿಲಾಟ್... ಪರದೆ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ. ಗುರುತಿಸೋದು ಹೇಗೆ?"

ಕೈಕಾಲು ಬಿಡಿ, ಇಬ್ಬರ ನಡುವಿನ ದೂರ ನೋಡಿ.

ಒಕಿನಾವಾದಲ್ಲಿ ಬೆಳೆದ ಕರಾಟೆಯಲ್ಲಿ ಗೆರೆ ನೇರ. ಹೊಡೆದು ಗಕ್ಕನೆ ನಿಲ್ಲುತ್ತಾರೆ. ಕೊರಿಯಾದ ಟೇಕ್ವಾಂಡೊದಲ್ಲಿ ದೂರ ಜಾಸ್ತಿ, ಕಾಲೇ ಮಾತಾಡುತ್ತದೆ. ಥಾಯ್ಲೆಂಡಿನ ಮುಯ್ ಥಾಯ್‌ಗೆ ಎಂಟು ಅಂಗಗಳ ಕಲೆ ಎನ್ನುತ್ತಾರೆ. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಕಣಕಾಲು. ಅಲ್ಲಿ ತೂಕ ಕಾಣುತ್ತದೆ. 2003ರ 'ಓಂಗ್ ಬಾಕ್' ಚಿತ್ರದಲ್ಲಿ ಥಾಯ್ ನಟ ಟೋನಿ ಜಾ ರೋಪ್ ಇಲ್ಲದೆ ಮೊಣಕಾಲು ಮುಂದೆ ಮಾಡಿ ಹಾರಿದಾಗ ಜಗತ್ತೇ ತಿರುಗಿ ನೋಡಿತು. ಇಂಡೊನೇಷ್ಯಾದ ಸಿಲಾಟ್‌ನಲ್ಲಿ ಇಬ್ಬರೂ ಉಸಿರು ತಾಗುವಷ್ಟು ಹತ್ತಿರ ಇರುತ್ತಾರೆ, ಕೈಗೆ ಕೈ ಹೆಣೆದುಕೊಂಡಿರುತ್ತದೆ. 2019ರಲ್ಲಿ ಅದು ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ನಮ್ಮ ಪಕ್ಕದ ಕೇರಳದ ಕಳರಿಪಯಟ್ಟಿನಲ್ಲಿ ಮೈ ನೆಲದ ಹತ್ತಿರಕ್ಕೆ ಇಳಿಯುತ್ತದೆ, ಅಲ್ಲಿಂದ ಒಮ್ಮೆಲೇ ಜಿಗಿಯುತ್ತದೆ.

ಕಿರುಚಿತ್ರಕ್ಕೆ ಇದು ಉಪಯೋಗಕ್ಕೆ ಬರುವ ತಿಳಿವಳಿಕೆ. ಅಣ್ಣ ತಮ್ಮಂದಿರ ಜಗಳ ತೋರಿಸಬೇಕಾ? ಹತ್ತಿರ ನಿಂತು ಹೆಣೆದುಕೊಳ್ಳುವ ವರಸೆ ಸರಿಹೋಗುತ್ತದೆ. ಅಪರಿಚಿತರ ಜಗಳಕ್ಕೆ ದೂರ ಬೇಕು.

"ಹಳೇ ಹಾಂಕಾಂಗ್ ಫೈಟ್‌ಗಳು ಇವತ್ತಿಗೂ ಯಾಕೆ ಅಷ್ಟು ಚೆನ್ನಾಗಿ ಕಾಣ್ತವೆ?"

ಅವು ರಂಗಭೂಮಿಯಿಂದ ಬಂದವು, ಅದಕ್ಕೆ. ಜಾಕಿ ಚಾನ್, ಸಾಮೊ ಹಂಗ್, ಯುಯೆನ್ ಬಿಯಾವೊ ಮೂವರೂ ಹಾಂಕಾಂಗ್‌ನಲ್ಲಿ ಯು ಜಿಮ್-ಯುಯೆನ್ ಎಂಬ ಗುರುಗಳ ಪೀಕಿಂಗ್ ಒಪೆರಾ ಶಾಲೆಯಲ್ಲಿ ಬೆಳೆದವರು. ಹಾಡು, ಅಭಿನಯ, ಲಾಗ, ಆಯುಧ ಎಲ್ಲವನ್ನೂ ಚಿಕ್ಕಂದಿನಿಂದ ಒಟ್ಟಿಗೆ ಕಲಿತರು. ಹಾಗಾಗಿ ಅವರಿಗೆ ಫೈಟ್ ಅಂದರೆ ತಾಳ. ನಾಲ್ಕು ಏಟು, ಒಂದು ನಿಲುಗಡೆ. ಮತ್ತೆ ಮೂರು ಏಟು, ಒಂದು ನೋಟ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಎರಡು ವೇಷ ಎದುರುಬದುರು ಯುದ್ಧಕ್ಕೆ ನಿಲ್ಲುತ್ತವೆ. ಗಿರ್ಕಿ ಹೊಡೆಯುತ್ತವೆ. ಬಾಣ ತಾಗುವುದಿಲ್ಲ, ಗದೆ ತಾಗುವುದಿಲ್ಲ. ಆದರೆ ಚೆಂಡೆಯ ಪೆಟ್ಟು ಬಿದ್ದಾಗ ನಮ್ಮ ಎದೆಗೇ ತಾಗಿದ ಹಾಗಾಗುತ್ತದೆ. ಮೈ, ತಾಳ, ನಿಲುಗಡೆ. ಪೀಕಿಂಗ್ ಒಪೆರಾದ ಜಾಗಟೆ ಮಾಡುವ ಕೆಲಸವೂ ಅದೇ.

ಇನ್ನೊಂದು ಗುಟ್ಟು ಕ್ಯಾಮೆರಾದ್ದು. ಅವರು ಹಿಂದೆ ಸರಿದು ನಿಲ್ಲುತ್ತಿದ್ದರು. ತಲೆಯಿಂದ ಪಾದದವರೆಗೆ ಪೂರ್ತಿ ಮೈ ಕಾಣಬೇಕು, ಒಂದೇ ಶಾಟ್‌ನಲ್ಲಿ ಐದಾರು ಏಟು ನಡೆಯಬೇಕು. ಸೆಕೆಂಡಿಗೆ 24ರ ಬದಲು 22 ಫ್ರೇಮ್‌ನಲ್ಲಿ (ಬಿಡಿ ಚಿತ್ರ) ತೆಗೆದು, 24ರಲ್ಲಿ ಓಡಿಸಿ ಸ್ವಲ್ಪ ವೇಗ ಹೆಚ್ಚಿಸುವುದೂ ಇತ್ತು. ಆದರೆ ಆ ವೇಗದ ಕೆಳಗೆ ನಿಜವಾದ ಅಭ್ಯಾಸ ಇತ್ತು. ಬರೀ ವೇಗ ಹೆಚ್ಚಿಸಿದವರ ಚಿತ್ರಗಳು ಬೊಂಬೆಯಾಟದಂತೆ ಕಾಣುತ್ತವೆ.

"ನಿಜವಾಗ್ಲೂ ಹೊಡೀತಾರಾ?"

ಮುಖಕ್ಕೆ ಇಲ್ಲ. ಮೈಗೆ ಕೆಲವೊಮ್ಮೆ ಹಗುರವಾಗಿ ತಾಗಿಸುತ್ತಾರೆ, ಒಳಗೆ ಪ್ಯಾಡ್ ಇರುತ್ತದೆ. ಕ್ಯಾಮೆರಾ, ಮುಷ್ಟಿ, ಮುಖ ಈ ಮೂರೂ ಒಂದೇ ಗೆರೆಯಲ್ಲಿ ಬಂದರೆ ನಡುವಿನ ಅಂತರ ಕಾಣುವುದಿಲ್ಲ. ಮುಷ್ಟಿ ಒಂದು ಗೇಣು ದೂರದಲ್ಲಿ ಹೋದರೂ ತಾಗಿದಂತೆಯೇ ಅನ್ನಿಸುತ್ತದೆ. ಬದಿಯಿಂದ ತೆಗೆದರೆ ಗುಟ್ಟು ರಟ್ಟು.

"ಕಟ್ ಇಲ್ದೆ ಒಂದೇ ಟೇಕ್‌ನಲ್ಲಿ ತೆಗೆದ ಫೈಟ್ ಅಂದ್ರೆ ಗ್ರೇಟ್ ಅಂತಾರಲ್ಲ, ನಿಜಾನಾ?"

ಕೆಲವು ಹೌದು. 2003ರ ಕೊರಿಯನ್ ಚಿತ್ರ 'ಓಲ್ಡ್ ಬಾಯ್'ನ ಕಾರಿಡಾರ್ ಫೈಟ್ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ. ಮೂರು ದಿನ, 17 ಟೇಕ್ ಹಿಡಿದ ಶಾಟ್ ಅದು. ಕ್ಯಾಮೆರಾ ಬದಿಯಲ್ಲಿ ನಿಧಾನವಾಗಿ ಜಾರುತ್ತಾ ಹೋಗುತ್ತದೆ ಅಷ್ಟೇ. ಆದರೆ ಅದನ್ನು ನೋಡಿ ಜನ ಕಟ್ ಇಲ್ಲ ಎಂಬುದನ್ನು ಹೊಗಳುತ್ತಾರೆ. ನನಗೆ ಹಿಡಿಸಿದ್ದು ಅದರ ಸುಸ್ತು. ನಾಯಕ ದಣಿಯುತ್ತಾನೆ, ಬಗ್ಗಿ ಉಸಿರು ಎಳೆದುಕೊಳ್ಳುತ್ತಾನೆ. ಎದುರಿನವರೂ ಹಾಗೇ ನಿಂತು ಏದುಸಿರು ಬಿಡುತ್ತಾರೆ. ಕಟ್ ಮಾಡಿದ್ದರೆ ಆ ದಣಿವು ಕಳೆದುಹೋಗುತ್ತಿತ್ತು.

ನಿಮ್ಮ ಕಥೆಗೆ ದಣಿವು ಬೇಕಿದ್ದರೆ ಒಂದೇ ಟೇಕ್‌ಗೆ ಪ್ರಯತ್ನಿಸಿ. ಶಭಾಷ್ ಅನ್ನಿಸಿಕೊಳ್ಳಲು ಬೇಡ.

"ಸಣ್ಣ ಮೈಯ ಹುಡುಗಿ ಅಷ್ಟು ದಪ್ಪ ಗಂಡಸನ್ನ ಕೆಡವಿದ್ರೆ ಯಾರು ನಂಬ್ತಾರೆ?"

ತೋರಿಸುವ ಹಾಗೆ ತೋರಿಸಿದರೆ ಎಲ್ಲರೂ ನಂಬುತ್ತಾರೆ. ಕಿಂಗ್ ಹು ಎಂಬ ನಿರ್ದೇಶಕರು 1966ರ ತಮ್ಮ ಕತ್ತಿವರಸೆ ಚಿತ್ರಕ್ಕೆ ಚೆಂಗ್ ಪೇ-ಪೇ ಎಂಬ ಎಳೆಯ ನಟಿಯನ್ನು ಆರಿಸಿದರು. ಆಕೆ ನೃತ್ಯ ಕಲಿತವರು. ಮಿಶೆಲ್ ಯೋ ಕೂಡ ಬ್ಯಾಲೆ ಕಲಿತು ಬಂದವರೇ. ತಾಳ, ಸಮತೋಲ, ಕಣ್ಣು ಯಾವ ಕಡೆ ಇರಬೇಕು ಎಂಬ ಅರಿವು ನೃತ್ಯದವರಿಗೆ ಮೊದಲೇ ಇರುತ್ತದೆ.

ನಂಬಿಕೆ ಹುಟ್ಟಿಸಲು ಎರಡು ಕೆಲಸ ಮಾಡಿ. ಅವಳು ಬಲಕ್ಕೆ ಬಲ ಕೊಡಬಾರದು. ಬೆರಳು, ಮಣಿಕಟ್ಟು, ಮಂಡಿ, ಕಣ್ಣು ಇಂಥ ಕಡೆ ಹೋಗಬೇಕು, ಬಾಗಿಲು ಕುರ್ಚಿ ಬಳಸಬೇಕು. ಮತ್ತೆ ಅವಳಿಗೂ ಏಟು ಬೀಳಬೇಕು. ನಾಯಕಿಗೆ ಒಂದು ಗೀರೂ ಆಗಬಾರದು ಎಂದು ಹಠ ಹಿಡಿಯುವ ನಿರ್ದೇಶಕರನ್ನು ನೋಡಿದ್ದೇನೆ. ಅದರಿಂದ ಅವಳ ಗೆಲುವೇ ಹಗುರವಾಗುತ್ತದೆ.

## ಮಾಡಲು ಹೊರಟವರಿಗೆ

"ನಾನು ಬ್ಲ್ಯಾಕ್ ಬೆಲ್ಟ್. ಆದ್ರೂ ಕ್ಯಾಮೆರಾ ಮುಂದೆ ಯಾಕೆ ಸಪ್ಪೆಯಾಗಿ ಕಾಣ್ತೀನಿ?"

ನಿಮ್ಮ ಗುರುಗಳು ಚೆನ್ನಾಗಿ ಕಲಿಸಿದ್ದಾರೆ, ಅದಕ್ಕೇ. ನಿಜವಾದ ಹೊಡೆದಾಟದಲ್ಲಿ ಉದ್ದೇಶ ಮುಚ್ಚಿಡಬೇಕು. ಭುಜ ಅಲುಗಬಾರದು, ಕಣ್ಣು ಹೇಳಬಾರದು, ಮುಷ್ಟಿ ಹತ್ತಿರದ ದಾರಿ ಹಿಡಿಯಬೇಕು. ಕ್ಯಾಮೆರಾಗೆ ಎಲ್ಲ ಉಲ್ಟಾ. ನೋಡುವವರಿಗೆ ಮೊದಲು ಉದ್ದೇಶ ಕಾಣಬೇಕು, ಆಮೇಲೆ ಏಟು, ಆಮೇಲೆ ಅದರ ಫಲ. ಈ ಮೂರರಲ್ಲಿ ಯಾವುದು ತಪ್ಪಿದರೂ ಏಟು ಕಳೆದುಹೋಗುತ್ತದೆ.

ನನಗೂ ಇದು ಕಷ್ಟವಾಗಿತ್ತು. ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ನಾನು ಹೊಡೆದದ್ದು ಹೊಡೆದಂತೆಯೇ ಕಾಣಲಿಲ್ಲ. ಜೊತೆಗಿದ್ದ ಹಳೆಯ ಫೈಟರ್ ಒಬ್ಬರು, "ತಮ್ಮಾ, ನೀನು ಹೊಡೀತಾ ಇರೋದು ಅವನಿಗೆ. ಹಿಂದಿನ ಬೆಂಚಿನಲ್ಲಿ ಕೂತವನಿಗೆ ಕಾಣೋ ಹಾಗೆ ಹೊಡಿ" ಅಂದರು. ಆಮೇಲೆ ನಿಧಾನವಾಗಿ ತಿದ್ದಿಕೊಂಡೆ. ಅರ್ಧ ವೇಗದಲ್ಲಿ ಅಭ್ಯಾಸ ಮಾಡಿ, ಫೋನಿನಲ್ಲಿ ತೆಗೆದು ನೋಡಿ, ಮತ್ತೆ ಮಾಡಿ. ಮ್ಯಾಟ್ರಿಕ್ಸ್ ನಟರು ಕೂಡ 1999ರ ಆ ಚಿತ್ರಕ್ಕೆ ಹಾಂಕಾಂಗ್ ಫೈಟ್ ಮಾಸ್ಟರ್ ಯುಯೆನ್ ವೂ-ಪಿಂಗ್ ಅವರ ಕೈಕೆಳಗೆ ತಿಂಗಳುಗಟ್ಟಲೆ ಬೆವರು ಸುರಿಸಿದ್ದರು.

"ಫೋನಿನಲ್ಲಿ ತೆಗೆದ್ರೆ ನಡೆಯುತ್ತಾ? ಸೆಟ್ಟಿಂಗ್ ಏನಿಡಬೇಕು?"

ಧಾರಾಳವಾಗಿ ನಡೆಯುತ್ತದೆ. ಸೆಟ್ಟಿಂಗ್‌ಗಳನ್ನು ನಾವೇ ಇಡಬಹುದಾದ ಮ್ಯಾನುಯಲ್ ಕ್ಯಾಮೆರಾ ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್ ಇಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ ತೆಗೆಯುವಾಗ ಶಟರ್ (ಒಂದೊಂದು ಫ್ರೇಮ್‌ಗೂ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಅಥವಾ 1/100 ಇರಲಿ, ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟಿ ಓಡಾಡುತ್ತದೆ. ಫೈಟ್‌ಗೆ ನನಗೆ 1/100 ಇಷ್ಟ, ಕೈಕಾಲು ಸ್ವಲ್ಪ ಚೂಪಾಗಿ ಕಾಣುತ್ತವೆ. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಏಟಿನ ಶಾಟ್‌ಗೆ ದೂರ ನಿಂತು 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ. ದೂರದ ಲೆನ್ಸ್ ಇಬ್ಬರ ನಡುವಿನ ಅಂತರವನ್ನು ನುಂಗುತ್ತದೆ.

ಉದ್ದಕ್ಕೆ ಹಿಡಿದು ತೆಗೆಯುವ ರೀಲ್ಸ್ ಬಗ್ಗೆಯೂ ಕೇಳುತ್ತಾರೆ. ಆ ಚೌಕಟ್ಟಿನಲ್ಲಿ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಉಸಿರುಗಟ್ಟುತ್ತದೆ. ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ. ಮೆಟ್ಟಿಲು, ಓಣಿ, ತೋಟದ ಕಾಲುದಾರಿ ಇವೆಲ್ಲ ಅದಕ್ಕೆ ಹೇಳಿಮಾಡಿಸಿದ ಜಾಗ.

ಕೈ ಅಲ್ಲಾಡಿಸಿ ತೆಗೆದರೆ ಜೋಶ್ ಬರುತ್ತದೆ ಎಂದುಕೊಳ್ಳಬೇಡಿ. ಅಷ್ಟು ಕಷ್ಟಪಟ್ಟು ಕಲಿತ ವರಸೆ ಯಾರಿಗೂ ಕಾಣದೆ ಹೋಗುತ್ತದೆ.

"ಎಡಿಟ್ ಮಾಡಿದ್ಮೇಲೂ ಏಟಿಗೆ ತೂಕಾನೇ ಬರ್ತಿಲ್ಲ. ಏನ್ ಮಾಡ್ಲಿ?"

ಮೂರು ಕಡೆ ನೋಡಿ.

ಫ್ರೇಮ್. ಮುಷ್ಟಿ ಹತ್ತಿರ ಬರುವಾಗ ತಾಗುವುದಕ್ಕೆ ಮುಂಚಿನ ಎರಡು ಮೂರು ಫ್ರೇಮ್ ಕತ್ತರಿಸಿ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಎಂದರೆ ಸೆಕೆಂಡಿನ 25ನೇ ಒಂದು ಭಾಗ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಏಟು ಗಕ್ಕನೆ ಬಂದು ಬಿದ್ದಂತಾಗುತ್ತದೆ. ಬೇರೆ ಶಾಟ್‌ಗೆ ಕಟ್ ಮಾಡುವುದಾದರೆ ಉಲ್ಟಾ ಮಾಡಿ. ಹಿಂದಿನ ಶಾಟ್‌ನ ಕೊನೆಯ ಎರಡು ಫ್ರೇಮ್‌ನಷ್ಟು ಚಲನೆ ಹೊಸ ಶಾಟ್‌ನಲ್ಲಿ ಮತ್ತೆ ಬರಲಿ. ಕಣ್ಣು ಹೊಸ ಜಾಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಏಟು ತಪ್ಪಿಹೋಗುವುದಿಲ್ಲ.

ಧೂಳು. ಅಂಗಿಯ ಮೇಲೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಹಾಕಿ. ಒದ್ದಾಗ ಹೊಗೆಯಂತೆ ಎದ್ದು ಬರುತ್ತದೆ. ಹಿಂದಿನಿಂದ ಬೆಳಕು ಇದ್ದರಂತೂ ಬಹಳ ಚಂದ.

ಸದ್ದು. ಅರ್ಧ ಏಟು ಕಿವಿಗೇ ಬೀಳುವುದು. ಇಂಟರ್‌ನೆಟ್ಟಿನಲ್ಲಿ ಸಿಗುವ ಒಂದೇ 'ಡಿಶುಂ' ಅನ್ನು ಎಲ್ಲಾ ಏಟಿಗೂ ಅಂಟಿಸಬೇಡಿ. ನಾವು ಒದ್ದೆ ಟವೆಲನ್ನು ಸಿಮೆಂಟು ನೆಲಕ್ಕೆ ಬಡಿಯುತ್ತೇವೆ. ಹಳೇ ಲೆದರ್ ಜಾಕೆಟ್ ಮೇಲೆ ಕೋಲಿನಿಂದ ಹೊಡೆಯುತ್ತೇವೆ. ಎಲುಬಿನ ಸದ್ದಿಗೆ ಎಳೇ ನುಗ್ಗೆಕಾಯಿ ಮುರಿಯುತ್ತೇವೆ. ಉಸಿರಿನ ಸದ್ದನ್ನು ಮರೆಯಲೇಬೇಡಿ. ಏಟು ತಿಂದವನ ಉಸಿರು ಕೇಳಿಸಿದರೆ ತೂಕ ತಾನಾಗಿ ಬರುತ್ತದೆ.

"ಯಾರಿಗೂ ಪೆಟ್ಟಾಗದ ಹಾಗೆ ಮಾಡೋಕೆ ಏನೇನು ನೋಡ್ಕೋಬೇಕು? ದುಡ್ಡಿಲ್ಲ ನಮ್ಮತ್ರ."

ದುಡ್ಡಿಲ್ಲದಿದ್ದರೆ ಎತ್ತರ ಬೇಡ, ನೀರು ಬೇಡ, ಬೆಂಕಿ ಬೇಡ, ಓಡುವ ಗಾಡಿ ಬೇಡ. ಇದರಲ್ಲಿ ಚೌಕಾಸಿ ಇಲ್ಲ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾ ಒಂದರ ಶೂಟಿಂಗ್ ವೇಳೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಆ ಸುದ್ದಿ ಬಂದ ಸಂಜೆ ನಮಗೆ ಯಾರಿಗೂ ಊಟ ಸೇರಲಿಲ್ಲ. ಯಾವ ಶಾಟ್‌ಗೂ ಅಷ್ಟು ಬೆಲೆ ಇಲ್ಲ.

ನೆಲದ ಮೇಲಿನ ಫೈಟ್‌ಗೆ ನಮ್ಮ ಕಟ್ಟುಪಾಡು ಹೀಗಿದೆ. ಏಟು ಶುರುವಾಗುವ ಮುಂಚೆ ಇಬ್ಬರ ಕಣ್ಣು ಕೂಡಬೇಕು. ಎಸೆಯುವಾಗ ಹಾರುವುದು ಬೀಳುವವನ ಕೆಲಸ, ಎಸೆಯುವವನು ಆಸರೆ ಮಾತ್ರ. ಬೀಳಲು ಬಾರದವರು ಬೀಳಬಾರದು, ಮೊದಲು ಎರಡು ವಾರ ಜೂಡೊ ಮ್ಯಾಟ್ ಮೇಲೆ ಉರುಳುವುದನ್ನು ಕಲಿಯಲಿ. 'ಸ್ಟಾಪ್' ಎಂದು ಯಾರು ಕೂಗಿದರೂ ಎಲ್ಲರೂ ನಿಲ್ಲಬೇಕು, ಟೀ ಕೊಡುವ ಹುಡುಗ ಕೂಗಿದರೂ ಸೈ. ಸಂಜೆ ಹೊತ್ತು ಬೆಳಕು ಹೋಗುತ್ತಿದೆ ಎಂದು ಅವಸರ ಮಾಡಬಾರದು.

ಕೊನೆಯದನ್ನು ನಾನು ನೋವು ತಿಂದೇ ಕಲಿತೆ. ಒಂದು ಮನೆಯ ತಾರಸಿಯಲ್ಲಿ "ಇದೊಂದೇ ಶಾಟ್" ಎಂದು ಸಂಜೆ ಆರೂವರೆಗೆ ಹಾರಿದೆ. ಮಣಿಕಟ್ಟು ಮುರಿಯಿತು. ಎರಡು ತಿಂಗಳು ಬೆಲ್ಟ್ ಕಟ್ಟಿಕೊಳ್ಳಲೂ ಆಗಲಿಲ್ಲ.

"ಫೈಟ್ ಎಷ್ಟು ನಿಮಿಷ ಇರ್ಬೇಕು?"

ಮೊದಲ ಚಿತ್ರಕ್ಕೆ ಒಂದೂವರೆ ನಿಮಿಷ ಸಾಕು. ಅದನ್ನೇ ಹದಿನೈದು ದಿನ ಅಭ್ಯಾಸ ಮಾಡಿ.

## ಇನ್ನೂ ಆಳಕ್ಕೆ ಇಳಿದವರಿಗೆ

"ಇದನ್ನೇ ನಂಬ್ಕೊಂಡು ಮುಂದೆ ಹೋಗಬಹುದಾ? ದೊಡ್ಡ ಸಿನಿಮಾಗೆ ದಾರಿ ಇದೆಯಾ?"

ದಾರಿ ಇದೆ, ಮೊದಲಿಗಿಂತ ಅಗಲವಾಗಿದೆ. ಕ್ಯಾಲಿಫೋರ್ನಿಯಾದ ಆ್ಯಂಡಿ ಲೆ ಮತ್ತು ಬ್ರಯಾನ್ ಲೆ ಎಂಬ ಅಣ್ಣ ತಮ್ಮ 'ಮಾರ್ಷಲ್ ಕ್ಲಬ್' ಎಂಬ ಹೆಸರಿನಲ್ಲಿ ಗೆಳೆಯರ ಜೊತೆ ಹಾಂಕಾಂಗ್ ಶೈಲಿಯ ಚಿಕ್ಕ ಫೈಟ್ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ಅದನ್ನು ನೋಡಿದ ನಿರ್ದೇಶಕರು 2022ರ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಚಿತ್ರದ ಫೈಟ್‌ಗಳನ್ನು ಅವರ ಕೈಗೇ ಕೊಟ್ಟರು. ಆ ಚಿತ್ರ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರವಾಯಿತು.

ಇನ್ನೊಂದು ದಾರಿ ಪ್ರೀವಿಸ್. ದೊಡ್ಡ ಸಿನಿಮಾದ ಸ್ಟಂಟ್ ತಂಡ ಸೆಟ್‌ಗೆ ಹೋಗುವ ಮುಂಚೆ ರಟ್ಟಿನ ಡಬ್ಬಗಳನ್ನೇ ಗೋಡೆ, ಮೇಜು ಎಂದುಕೊಂಡು ಪೂರ್ತಿ ಫೈಟನ್ನು ಚಿಕ್ಕ ಕ್ಯಾಮೆರಾದಲ್ಲಿ ತೆಗೆದು, ಎಡಿಟ್ ಮಾಡಿ, ಸದ್ದು ಹಾಕಿ ನಿರ್ದೇಶಕರಿಗೆ ತೋರಿಸುತ್ತದೆ. ಯೋಚಿಸಿದರೆ ಅದೂ ಒಂದು ಕಿರುಚಿತ್ರವೇ. ನೀವು ಹುಡುಗರ ಜೊತೆ ತಾರಸಿಯಲ್ಲಿ ಕಲಿತದ್ದು ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಗೌರವವೂ ನಿಧಾನಕ್ಕೆ ಬರುತ್ತಿದೆ. ನಮ್ಮ ರಾಷ್ಟ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನಕ್ಕೆ ಪ್ರಶಸ್ತಿ ಕೊಡಲು ಶುರು ಮಾಡಿದ್ದು 64ನೇ ವರ್ಷದಿಂದ. 66ನೇ ವರ್ಷ ಅದು ಕನ್ನಡದ 'ಕೆಜಿಎಫ್ ಚಾಪ್ಟರ್ 1'ಕ್ಕೆ ಬಂತು. ಆಸ್ಕರ್ 2027ರಲ್ಲಿ ತೆರೆ ಕಾಣುವ ಚಿತ್ರಗಳಿಂದ ಸ್ಟಂಟ್ ಡಿಸೈನ್‌ಗೆ ಪ್ರಶಸ್ತಿ ಕೊಡುವುದಾಗಿ ಹೇಳಿದೆ. ಇಷ್ಟು ವರ್ಷ ಮೈ ಮುರಿದುಕೊಂಡವರಿಗೆ ಇದು ಎಷ್ಟೋ ಹಿಂದೆಯೇ ಸಿಗಬೇಕಿತ್ತು.

ಆದರೆ ಓದು ಬಿಡಬೇಡಿ, ಬೇರೆ ಕೆಲಸ ಇದ್ದರೆ ಬಿಡಬೇಡಿ. ಮೈಯನ್ನು ನಂಬಿದ ಕೆಲಸಕ್ಕೆ ಒಂದು ಜಾರುವಿಕೆ ಸಾಕು. ನನ್ನ ಮಣಿಕಟ್ಟು ಈಗಲೂ ಮಳೆಗಾಲದಲ್ಲಿ ನೋಯುತ್ತದೆ.

"ಯಾವಾಗ್ಲೂ ಕುಂಗ್ ಫು, ಕರಾಟೆ ಅಂತೀರಲ್ಲ. ನಮ್ಮ ಗರಡಿ, ವಜ್ರಮುಷ್ಟಿ ಇಟ್ಕೊಂಡು ಯಾಕೆ ಮಾಡಬಾರದು?"

ಮಾಡಲೇಬೇಕು. ನಾನು ತುಂಬಾ ದಿನದಿಂದ ಕಾಯುತ್ತಿರುವ ಚಿತ್ರ ಅದು.

ವಿಜಯದಶಮಿಯ ದಿನ ಜಂಬೂ ಸವಾರಿಗೆ ಮುಂಚೆ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಕಡೆಯ ಜಟ್ಟಿಗಳು ಬರುತ್ತಾರೆ. ತಲೆ ಬೋಳಿಸಿ ಒಂದು ಜುಟ್ಟು ಬಿಟ್ಟಿರುತ್ತಾರೆ. ಬೆರಳುಗಳಿಗೆ ಮೊನೆಯಿರುವ ಆಯುಧ. ಕೆಮ್ಮಣ್ಣಿನ ಅಂಕಣ. ಎದುರಾಳಿಯ ತಲೆಯಿಂದ ರಕ್ತ ಬಂದ ಕೂಡಲೇ ಕಾಳಗ ಮುಗಿಯುತ್ತದೆ. ಎಷ್ಟೋ ಸಲ ಕೆಲವೇ ಕ್ಷಣ. ನೋಡಲು ಬಂದವರು ಕತ್ತು ಚಾಚುವಷ್ಟರಲ್ಲಿ ಮುಗಿದಿರುತ್ತದೆ.

ಈ ಕೆಲವು ಕ್ಷಣವನ್ನು ಎಳೆದು ಐದು ನಿಮಿಷದ ಡಿಶುಂ ಡಿಶುಂ ಮಾಡಬೇಡಿ. ಕಾಳಗ ಇದ್ದಷ್ಟೇ ಇರಲಿ. ಅದರ ಮುಂಚಿನದನ್ನು ತೋರಿಸಿ. ಕತ್ತಿಯ ಕೆಳಗೆ ಉದುರುವ ಕೂದಲು. ಅದನ್ನು ನೋಡುತ್ತಾ ಬಾಗಿಲಲ್ಲಿ ನಿಂತ ಮಗ. ಎಣ್ಣೆ ಹಚ್ಚುವ ಅಣ್ಣನ ಕೈ. ಎದುರಾಳಿಗಳು ಅಂಕಣದಲ್ಲಿ ಒಬ್ಬರನ್ನೊಬ್ಬರು ನೋಡುವ ಆ ಒಂದು ನೋಟ. ಆಮೇಲೆ ಕಾಳಗ. ಆಮೇಲೆ ಹಣೆಯ ಮೇಲೆ ಇಳಿಯುವ ಒಂದು ಗೆರೆ, ಅದನ್ನು ಒರೆಸದೆ ನಿಂತವನ ಮುಖ. ಕ್ಯಾಮೆರಾ ಅವನ ಮೇಲೇ ಇರಲಿ, ಗೆದ್ದವನ ಕಡೆ ತಿರುಗುವುದು ಬೇಡ.

ಒಂದು ವಿಷಯ. ಗರಡಿಗೆ ಹೋಗುವಾಗ ಮೊದಲ ದಿನವೇ ಕ್ಯಾಮೆರಾ ಒಯ್ಯಬೇಡಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಆಂಜನೇಯನಿಗೆ ಕೈಮುಗಿದು, ಉಸ್ತಾದರ ಹತ್ತಿರ ಕೂತು ಮಾತಾಡಿ. ಮಟ್ಟಿ (ಕುಸ್ತಿಯ ಮಣ್ಣು) ಅಗೆಯುತ್ತಿದ್ದರೆ ಕೈಜೋಡಿಸಿ. ಎರಡು ಮೂರು ಸಲ ಹೀಗೆ ಹೋಗಿಬಂದ ಮೇಲೆ ಕ್ಯಾಮೆರಾ ತರಬಹುದಾ ಎಂದು ಕೇಳಿ.